ಚೇಸ್ ಓದಿ ಬೆಳೆದವರು ನ್ವಾರ್ ಕಾದಂಬರಿಗಳನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಹೈಸ್ಕೂಲಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ, ಕಾಲೇಜಿನಲ್ಲಿ ಜೇಮ್ಸ್ ಹ್ಯಾಡ್ಲಿ ಚೇಸ್ ಓದಿ ಬೆಳೆದವನು ನಾನು. ಈಗ ನಿವೃತ್ತನಾಗಿದ್ದೇನೆ, ಓದಲು ಪುರುಸೊತ್ತಿದೆ. ಅಮೆರಿಕದ ಹಳೆಯ ನ್ವಾರ್ ಕಾದಂಬರಿಗಳನ್ನು, ಅಂದರೆ ಬದುಕಿನ ಕತ್ತಲ ಮುಖದ ಅಪರಾಧ ಕಥೆಗಳನ್ನು, ಸರಿಯಾಗಿ ಓದಬೇಕು ಅಂತ ಆಸೆ. ಎಲ್ಲರೂ ಹೊಗಳುತ್ತಾರೆ ಅಂತ ರೇಮಂಡ್ ಚಾಂಡ್ಲರ್ ಅವರ 'ದಿ ಬಿಗ್ ಸ್ಲೀಪ್' ಹಿಡಿದೆ. ಅರ್ಧ ಮುಗಿಸುವಷ್ಟರಲ್ಲಿ ಯಾರು ಯಾರನ್ನು ಕೊಂದರು ಅನ್ನೋದೇ ತಿಳಿಯದೆ ಬಿಟ್ಟುಬಿಟ್ಟೆ. ನಿಮಗೆ ಮೆಚ್ಚಿಗೆಯಾದವು ಯಾವುವು? ಯಾವ ಕ್ರಮದಲ್ಲಿ ಓದಲಿ? ಇವರಿಂದ ಕಲಿತು ಬರೆದವರು ಯಾರು? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: 'ದಿ ಬಿಗ್ ಸ್ಲೀಪ್'ನಲ್ಲಿ ನೀವು ದಾರಿ ತಪ್ಪಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಅದನ್ನು ಸಿನಿಮಾ ಮಾಡಲು ಹೊರಟ ಹೋವರ್ಡ್ ಹಾಕ್ಸ್ ತಂಡದ ಪಾಡೂ ಇದೇ ಆಗಿತ್ತು. ಚಿತ್ರಕಥೆ ಬರೆಯಲು ಕೂತವರಲ್ಲಿ ವಿಲಿಯಂ ಫಾಕ್ನರ್ ಅಂಥ ದೊಡ್ಡ ಕಾದಂಬರಿಕಾರರಿದ್ದರು. ಕಾರಿನ ಸಮೇತ ಸಮುದ್ರಕ್ಕೆ ಬಿದ್ದು ಸತ್ತ ಆ ಡ್ರೈವರ್‌ನನ್ನು ಕೊಂದವರು ಯಾರು ಅಂತ ಬಗೆಹರಿಯದೆ ಕೊನೆಗೆ ಲೇಖಕರನ್ನೇ ಕೇಳಿದರು. ರೇಮಂಡ್ ಚಾಂಡ್ಲರ್ ತನಗೂ ಗೊತ್ತಿಲ್ಲ ಅಂದುಬಿಟ್ಟರು.

ಕಾರಣ ಇದೆ. ಚಾಂಡ್ಲರ್ ಪತ್ರಿಕೆಗಳಿಗೆ ಬರೆದಿದ್ದ ತಮ್ಮ ಹಳೆಯ ಕಥೆಗಳನ್ನು, ಮುಖ್ಯವಾಗಿ 'ಕಿಲ್ಲರ್ ಇನ್ ದ ರೇನ್' ಮತ್ತು 'ದಿ ಕರ್ಟನ್' ಎಂಬ ಎರಡನ್ನು, ಒಂದಕ್ಕೊಂದು ಸೇರಿಸಿ 1939ರಲ್ಲಿ ಈ ಕಾದಂಬರಿ ಮಾಡಿದರು. ಎರಡು ಕಥೆಗಳ ಸಾವುಗಳು ಒಂದೇ ಪುಸ್ತಕಕ್ಕೆ ಬಂದವು. ಎಲ್ಲಕ್ಕೂ ಲೆಕ್ಕ ಕೂಡಲಿಲ್ಲ. ಅವರಿಗೆ ಅದರ ಚಿಂತೆಯೂ ಜಾಸ್ತಿ ಇರಲಿಲ್ಲ. ಹಾಗಾಗಿ ಸದ್ಯಕ್ಕೆ ಆ ಪುಸ್ತಕ ಪಕ್ಕಕ್ಕಿಡಿ. ನಿಮ್ಮಂಥವರಿಗೆ ಬಾಗಿಲು ಬೇರೆ ಕಡೆ ಇದೆ, ಅದೂ ನೀವು ಆಗಲೇ ಓದಿರುವ ಚೇಸ್ ಮೂಲಕ.

ಒಂದು ಕಾಲಕ್ಕೆ ರೈಲ್ವೆ ಸ್ಟೇಷನ್ನಿನ ಬುಕ್‌ಸ್ಟಾಲಿನಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಚೇಸ್ ಇದ್ದೇ ಇರುತ್ತಿದ್ದರು. ಅವರನ್ನು ಅಮೆರಿಕದವರು ಅಂದುಕೊಂಡು ಓದಿದವರೇ ಹೆಚ್ಚು. ಚೇಸ್ ಲಂಡನ್‌ನವರು. ಪುಸ್ತಕ ವ್ಯಾಪಾರದಲ್ಲಿ ಕೆಲಸ ಮಾಡಿದವರು. ನಿಜವಾದ ಹೆಸರು ರೆನೆ ರೇಮಂಡ್. ಅಮೆರಿಕದ ಆಡುಮಾತಿನ ನಿಘಂಟು ಪಕ್ಕದಲ್ಲಿಟ್ಟುಕೊಂಡು 1939ರಲ್ಲಿ 'ನೋ ಆರ್ಕಿಡ್ಸ್ ಫಾರ್ ಮಿಸ್ ಬ್ಲ್ಯಾಂಡಿಶ್' ಬರೆದರು. ಜಾರ್ಜ್ ಆರ್ವೆಲ್ 1944ರಲ್ಲಿ ಆ ಪುಸ್ತಕದ ಬಗ್ಗೆ ಒಂದು ಇಡೀ ಪ್ರಬಂಧವನ್ನೇ ಬರೆದರು. ಬರವಣಿಗೆಯ ಬಿಗಿಯನ್ನು ಒಪ್ಪಿಕೊಂಡರು, ಅದರ ಕ್ರೌರ್ಯಕ್ಕೆ ದಂಗಾದರು. ಚೇಸ್‌ಗೆ ಇಂಥದ್ದೊಂದು ಬರೆಯುವ ಹುಚ್ಚು ಹಿಡಿಸಿದ್ದು ಐದು ವರ್ಷ ಮುಂಚೆ ಬಂದಿದ್ದ ಒಂದು ಸಣ್ಣ ಪುಸ್ತಕ. ಜೇಮ್ಸ್ ಎಂ. ಕೇನ್ ಬರೆದ 'ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್', 1934.

ನೀವು ಅಲ್ಲಿಂದಲೇ ಶುರು ಮಾಡಿ. ಒಂದು ಸಂಜೆಗೆ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ಬದಿಯ ಒಂದು ಹೋಟೆಲ್, ಜೊತೆಗೆ ಪೆಟ್ರೋಲ್ ಬಂಕ್. ಮಾಲೀಕ ಗ್ರೀಸ್ ದೇಶದವನು. ಅವನ ಹೆಂಡತಿ ಕೋರಾ. ಕೆಲಸ ಕೇಳಿಕೊಂಡು ಬರುವ ಅಲೆಮಾರಿ ಫ್ರ್ಯಾಂಕ್. ಮುಂದೇನಾಗುತ್ತದೆ ಅಂತ ಎರಡನೇ ಅಧ್ಯಾಯಕ್ಕೇ ಗೊತ್ತಾಗುತ್ತದೆ. ಆದರೂ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಗಂಡನನ್ನು ಸ್ನಾನದ ತೊಟ್ಟಿಯಲ್ಲಿ ಮುಗಿಸಲು ಇಬ್ಬರೂ ಹೊಂಚುತ್ತಾರೆ. ಎಲ್ಲ ಲೆಕ್ಕ ಹಾಕಿದ ಕೊಲೆಗೆ ಅಡ್ಡಬರುವುದು ಒಂದು ಬೆಕ್ಕು. ಏಣಿ ಹತ್ತಿ ಹೋಗಿ ಕರೆಂಟ್ ಬಾಕ್ಸ್ ಮೇಲೆ ಕಾಲಿಟ್ಟು ಇಡೀ ಮನೆಯ ದೀಪ ಆರಿಸಿಬಿಡುತ್ತದೆ. ಅಂದಹಾಗೆ, ಹೆಸರಿನಲ್ಲಿರುವ ಪೋಸ್ಟ್‌ಮ್ಯಾನ್ ಪುಸ್ತಕದಲ್ಲೆಲ್ಲೂ ಬರುವುದಿಲ್ಲ. ಹುಡುಕುತ್ತಾ ಕೂರಬೇಡಿ.

ಇಲ್ಲಿ ಗಮನಿಸಬೇಕಾದ್ದು, ಕಥೆ ಹೇಳುತ್ತಿರುವವನೇ ಅಪರಾಧಿ. ಪತ್ತೇದಾರನಿಲ್ಲ, ಒಗಟಿಲ್ಲ. ನರಸಿಂಹಯ್ಯನವರ ಪುರುಷೋತ್ತಮ ಬಂದರೆ ಕೊನೆಗೆ ಎಲ್ಲ ಬಯಲಾಗುತ್ತದೆ ಅನ್ನೋ ಧೈರ್ಯ ನಮಗೆ ಇರುತ್ತಿತ್ತಲ್ಲ, ಆ ಧೈರ್ಯ ಇಲ್ಲಿ ಸಿಗುವುದಿಲ್ಲ. ಬೇಕು ಅನ್ನಿಸಿದ್ದು ಸಿಗುತ್ತದೆ, ಸಿಕ್ಕಿದ ಮೇಲೆ ಅದೇ ಕತ್ತು ಹಿಡಿಯುತ್ತದೆ. ಬಹಳ ಜನ ನ್ವಾರ್ ಅಂದರೆ ಮಳೆ, ಟೋಪಿ, ಸಿಗರೇಟು ಹೊಗೆ ಅಂದುಕೊಂಡಿದ್ದಾರೆ. ಅದೆಲ್ಲ ಸಿನಿಮಾದವರ ಕೊಡುಗೆ. ಪುಸ್ತಕದಲ್ಲಿ ಇರುವುದು ದುಡ್ಡು, ಆಸೆ, ಮತ್ತು ಒಂದು ಸಲ ಕಾಲು ಜಾರಿದ ಮೇಲೆ ನಿಲ್ಲಲಾಗದ ಜಾರಾಟ.

ಕೇನ್ ಪತ್ರಕರ್ತರಾಗಿದ್ದವರು. ನ್ಯೂಯಾರ್ಕಿನಲ್ಲಿ 1927ರಲ್ಲಿ ನಡೆದ ರೂತ್ ಸ್ನೈಡರ್ ಪ್ರಕರಣ ಅವರ ತಲೆಯಲ್ಲಿ ಕೂತಿತ್ತು. ಆಕೆ ಪ್ರಿಯಕರ ಜಡ್ ಗ್ರೇ ಜೊತೆ ಸೇರಿ ಗಂಡನನ್ನು ಕೊಂದಿದ್ದಳು. ಗಂಡನ ಹೆಸರಲ್ಲಿ ಮೊದಲೇ ದೊಡ್ಡ ಇನ್ಶೂರೆನ್ಸ್ ಮಾಡಿಸಿದ್ದಳು. 1928ರ ಜನವರಿಯಲ್ಲಿ ಇಬ್ಬರಿಗೂ ವಿದ್ಯುತ್ ಕುರ್ಚಿಯಾಯಿತು. ಒಬ್ಬ ಫೋಟೋಗ್ರಾಫರ್ ಕಾಲಿಗೆ ಕ್ಯಾಮೆರಾ ಕಟ್ಟಿಕೊಂಡು ಒಳಗೆ ಹೋಗಿ ಆ ಕ್ಷಣದ ಚಿತ್ರ ತೆಗೆದ. ಮಾರನೇ ದಿನ ಅದು ಪತ್ರಿಕೆಯ ಮುಖಪುಟದಲ್ಲಿ ಬಂತು. ಈ ಪ್ರಕರಣದ ನೆರಳು ಕೇನ್ ಅವರ ಎರಡು ಪುಸ್ತಕಗಳ ಮೇಲೆ ಬಿದ್ದಿದೆ. ಒಂದು ನಾನು ಮೇಲೆ ಹೇಳಿದ್ದು. ಇನ್ನೊಂದು 'ಡಬಲ್ ಇಂಡೆಮ್ನಿಟಿ'. 1936ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಇದರಲ್ಲಿ ಕಥೆ ಹೇಳುವವನು ಇನ್ಶೂರೆನ್ಸ್ ಏಜೆಂಟ್. ರೈಲಿನಿಂದ ಬಿದ್ದು ಸತ್ತರೆ ಎರಡು ಪಟ್ಟು ದುಡ್ಡು ಅನ್ನೋ ಷರತ್ತು ಗೊತ್ತಿರುವವನು. ಕಂಪನಿಗೆ ಯಾರು ಹೇಗೆಲ್ಲ ಮೋಸ ಮಾಡುತ್ತಾರೆ ಅಂತ ವರ್ಷಾನುಗಟ್ಟಲೆ ನೋಡಿ ನೋಡಿ, ತಾನು ಮಾಡಿದರೆ ಸಿಕ್ಕಿಬೀಳದ ಹಾಗೆ ಮಾಡಬಲ್ಲೆ ಅನ್ನೋ ಚಟ ಅವನಿಗೆ ಹತ್ತಿದೆ. ಆ ಹೆಂಗಸಿನ ಮೇಲಿನ ಮೋಹಕ್ಕಿಂತ ಈ ಚಟವೇ ದೊಡ್ಡದು ಅಂತ ನನ್ನ ಅನಿಸಿಕೆ. ನನಗೆ ಮೊದಲಿನದಕ್ಕಿಂತ ಇದೇ ಒಂದು ಕೈ ಮೇಲು.

ಆಲ್ಬೆರ್ ಕಾಮು ತಮ್ಮ 'ದಿ ಸ್ಟ್ರೇಂಜರ್' ಬರೆಯುವಾಗ ಕೇನ್ ಅವರ 'ಪೋಸ್ಟ್‌ಮ್ಯಾನ್'ನಿಂದ ಕಲಿತದ್ದನ್ನು ಒಪ್ಪಿಕೊಂಡಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಿ. ಭಾವನೆ ಹೇಳದೆ, ನಡೆದದ್ದನ್ನಷ್ಟೇ ಸಣ್ಣ ವಾಕ್ಯಗಳಲ್ಲಿ ಹೇಳಿಕೊಂಡು ಹೋಗುವ ಕೊಲೆಗಾರ. ಎರಡು ಕಡೆಯೂ ಕೊನೆಗೆ ಅವನು ಕಾಯುತ್ತಿರುವುದು ಮರಣದಂಡನೆಗೆ. ಹೆದ್ದಾರಿ ಬದಿಯ ಹೋಟೆಲಿನ ಕಥೆಯೊಂದು ಎಂಟೇ ವರ್ಷದಲ್ಲಿ ಫ್ರೆಂಚ್ ಸಾಹಿತ್ಯದ ದೊಡ್ಡ ಕಾದಂಬರಿಗೆ ಅಚ್ಚು ಕೊಟ್ಟಿತು. 'ಪತ್ತೇದಾರಿ ಎಲ್ಲ ಸಾಹಿತ್ಯವಾ?' ಅಂತ ಮೂಗು ಮುರಿಯುವವರಿಗೆ ನಾನು ಇದನ್ನೇ ಹೇಳುವುದು.

ಅಪರಾಧಿಯೇ ಮಾತಾಡುವ ಈ ದಾರಿಯಲ್ಲಿ ಕೇನ್‌ಗಿಂತ ಮುಂದೆ ಹೋದವರು ಜಿಮ್ ಥಾಂಪ್ಸನ್. 'ದಿ ಕಿಲ್ಲರ್ ಇನ್‌ಸೈಡ್ ಮಿ', 1952. ಟೆಕ್ಸಾಸ್‌ನ ಒಂದು ಸಣ್ಣ ಊರಿನ ಡೆಪ್ಯುಟಿ ಶೆರಿಫ್ ಲೂ ಫೋರ್ಡ್ ಕಥೆ ಹೇಳುತ್ತಾನೆ. ಬಲು ವಿನಯದ ಮನುಷ್ಯ. ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಸವಕಲು ಗಾದೆ ಮಾತು ಕೊರೆಯುತ್ತಾನೆ. ಅವರು ಚಡಪಡಿಸುವುದನ್ನು ನೋಡಿ ಒಳಗೇ ಖುಷಿಪಡುತ್ತಾನೆ. ಹೊಡೆಯುವುದಕ್ಕಿಂತ ಮುಂಚಿನ ಹೊಡೆತ ಅದು. ಕೇನ್‌ನ ಫ್ರ್ಯಾಂಕ್ ನಮಗೆ ಸುಳ್ಳು ಹೇಳುವುದಿಲ್ಲ. ಲೂ ಫೋರ್ಡ್ ನಮಗೂ ಸುಳ್ಳು ಹೇಳುತ್ತಾನೆ. ಥಾಂಪ್ಸನ್ ಬರೆದದ್ದು ಅಗ್ಗದ ಪೇಪರ್‌ಬ್ಯಾಕ್‌ಗಳಿಗೆ. 1977ರಲ್ಲಿ ತೀರಿಕೊಂಡಾಗ ಅಮೆರಿಕದಲ್ಲಿ ಅವರ ಒಂದು ಪುಸ್ತಕವೂ ಅಚ್ಚಿನಲ್ಲಿರಲಿಲ್ಲ. 80ರ ದಶಕದಲ್ಲಿ ಬ್ಲ್ಯಾಕ್ ಲಿಜರ್ಡ್ ಅನ್ನೋ ಪ್ರಕಾಶನ ಮರುಮುದ್ರಿಸಿದ ಮೇಲೆ ಹೊಸ ಓದುಗರು ಹುಟ್ಟಿದರು. ಹಿಂಸೆ ತುಂಬಾ ಇದೆ, ಮುಖ್ಯವಾಗಿ ಹೆಂಗಸರ ಮೇಲೆ. ಹೊಟ್ಟೆ ತೊಳಸುತ್ತದೆ. ತಡೆಯುವುದಿಲ್ಲ ಅನ್ನಿಸಿದರೆ ಬಿಡಿ, ನಷ್ಟವೇನೂ ಇಲ್ಲ.

ಪೆಟ್ರಿಶಿಯಾ ಹೈಸ್ಮಿತ್ ಇನ್ನೊಂದು ತಿರುವು ಕೊಟ್ಟರು. ಕೇನ್‌ನಲ್ಲಿ ಪಾಪಕ್ಕೆ ಶಿಕ್ಷೆ ಹೇಗಾದರೂ ಬಂದೇ ಬರುತ್ತದೆ. 1955ರ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ' ಓದುವಾಗ, ಇವನು ಸಿಕ್ಕಿಬೀಳದಿರಲಿ ಅಂತ ನಾವೇ ಹಾರೈಸುತ್ತಿರುತ್ತೇವೆ. ನಮಗೆ ನಾಚಿಕೆಯಾಗುತ್ತದೆ, ಆದರೂ ಹಾರೈಸುತ್ತೇವೆ.

ಈಗ ಇನ್ನೊಂದು ದಾರಿಗೆ ಬರೋಣ, ಪತ್ತೇದಾರರ ದಾರಿ. ಅದರ ಮೂಲಪುರುಷ ಡ್ಯಾಶಿಯಲ್ ಹ್ಯಾಮೆಟ್. ಇವರು ಪತ್ತೇದಾರರ ಬಗ್ಗೆ ಕಲ್ಪಿಸಿ ಬರೆದವರಲ್ಲ. 1915ರಿಂದ 1922ರವರೆಗೆ, ನಡುವೆ ಮಹಾಯುದ್ಧದ ಸೇನಾ ಸೇವೆ ಬಿಟ್ಟರೆ, ಪಿಂಕರ್ಟನ್ ಏಜೆನ್ಸಿಯಲ್ಲಿ ಪತ್ತೇದಾರರಾಗಿ ದುಡಿದವರು. ಕ್ಷಯ ಹಿಡಿದ ಮೇಲೆ ಆ ಕೆಲಸ ಬಿಟ್ಟು ಬರೆಯತೊಡಗಿದರು. 'ಬ್ಲ್ಯಾಕ್ ಮಾಸ್ಕ್' ಅನ್ನೋ ಅಗ್ಗದ ಪತ್ರಿಕೆ ಅವರ ಕಥೆಗಳನ್ನು ಹಾಕಿತು. ಅಲ್ಲಿಯವರೆಗೆ ಪತ್ತೇದಾರಿ ಅಂದರೆ ಇಂಗ್ಲೆಂಡಿನ ದೊಡ್ಡ ಬಂಗಲೆ, ಲೈಬ್ರರಿಯಲ್ಲಿ ಹೆಣ, ಚಹಾ ಕುಡಿಯುತ್ತಾ ಬಿಡಿಸುವ ಒಗಟು. ಹ್ಯಾಮೆಟ್ ಕೊಲೆಯನ್ನು ಬೀದಿಗೆ ತಂದರು.

'ರೆಡ್ ಹಾರ್ವೆಸ್ಟ್' 1929ರದು. ಗಣಿ ಊರೊಂದರಲ್ಲಿ ಕಾರ್ಮಿಕರ ಮುಷ್ಕರ ಮುರಿಯಲು ಕಂಪನಿಯ ಯಜಮಾನ ಗೂಂಡಾಗಳನ್ನು ಕರೆಸಿದ್ದಾನೆ. ಮುಷ್ಕರ ಮುರಿದಿದೆ. ಆದರೆ ಗೂಂಡಾಗಳು ವಾಪಸ್ ಹೋಗಿಲ್ಲ, ಊರೇ ಅವರ ಕೈಗೆ ಹೋಗಿದೆ. ಅಲ್ಲಿಗೆ ಬರುವ ಹೆಸರಿಲ್ಲದ ಪತ್ತೇದಾರನ ಕಕ್ಷಿದಾರ, ಭೇಟಿಗೆ ಮುಂಚೆಯೇ ಕೊಲೆಯಾಗಿರುತ್ತಾನೆ. ಪತ್ತೇದಾರ ಒಂದು ಗುಂಪನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ ಊರನ್ನು 'ಶುದ್ಧ' ಮಾಡುತ್ತಾನೆ. ಹೆಣಗಳು ಉರುಳುತ್ತಲೇ ಹೋಗುತ್ತವೆ. ಒಂದು ಹಂತದಲ್ಲಿ ಅವನಿಗೇ ಭಯವಾಗುತ್ತದೆ: ಕೊಲೆ ಮಾಡಿಸುವುದರಲ್ಲಿ ನನಗೆ ರುಚಿ ಹತ್ತುತ್ತಿದೆಯಲ್ಲ ಅಂತ. ಮೊಂಟಾನಾದ ಬ್ಯೂಟ್ ಅನ್ನೋ ತಾಮ್ರದ ಗಣಿ ಊರು ಇದಕ್ಕೆ ಮಾದರಿ. ಪಿಂಕರ್ಟನ್ ಏಜೆನ್ಸಿಯವರೇ ಆ ಕಾಲದಲ್ಲಿ ಮುಷ್ಕರ ಮುರಿಯುವ ಕೆಲಸಕ್ಕೂ ಹೋಗುತ್ತಿದ್ದರು ಅನ್ನೋದನ್ನು ನೆನಪಿಟ್ಟುಕೊಂಡು ಓದಿ. ಪುಸ್ತಕದ ಕಹಿ ಎಲ್ಲಿಂದ ಬಂತು ಅಂತ ಹೊಳೆಯುತ್ತದೆ. ಎರಡು ಗುಂಪುಗಳ ನಡುವೆ ನಿಂತು ಇಬ್ಬರನ್ನೂ ಮುಗಿಸುವ ಒಂಟಿ ಮನುಷ್ಯನ ಈ ಕಥೆ ಆಮೇಲೆ ಎಲ್ಲೆಲ್ಲೋ ತಲೆ ಎತ್ತಿತು. ಕುರೊಸಾವಾ ಅವರ 'ಯೊಜಿಂಬೊ' ಸಿನಿಮಾದಲ್ಲಿ ಅದರ ಹೋಲಿಕೆ ಎದ್ದು ಕಾಣುತ್ತದೆ. ಕೋಯೆನ್ ಸೋದರರ ಮೊದಲ ಸಿನಿಮಾ 'ಬ್ಲಡ್ ಸಿಂಪಲ್' ಹೆಸರು ಬಂದಿದ್ದೇ ಈ ಪುಸ್ತಕದ ಒಂದು ಮಾತಿನಿಂದ.

ಆದರೆ ಹ್ಯಾಮೆಟ್ ಅವರದೊಂದೇ ಪುಸ್ತಕ ಓದುತ್ತೇನೆ ಅಂದರೆ 'ದಿ ಮಾಲ್ಟೀಸ್ ಫಾಲ್ಕನ್', 1930. ಇಡೀ ಕಾದಂಬರಿಯಲ್ಲಿ ಪತ್ತೇದಾರ ಸ್ಯಾಮ್ ಸ್ಪೇಡ್ ಮನಸ್ಸಿನಲ್ಲಿ ಏನಿದೆ ಅಂತ ಲೇಖಕರು ಒಂದು ಸಲವೂ ಹೇಳುವುದಿಲ್ಲ. ಕೈ, ಕಣ್ಣು, ಧ್ವನಿ ಅಷ್ಟೇ. ನಡುರಾತ್ರಿ ಫೋನ್ ಬರುತ್ತದೆ, ಪಾರ್ಟ್‌ನರ್ ಮೈಲ್ಸ್ ಆರ್ಚರ್ ಕೊಲೆಯಾಗಿದ್ದಾನೆ. ಸ್ಪೇಡ್ ಎದ್ದು ಕೂತು ಒಂದು ಸಿಗರೇಟು ಸುತ್ತುತ್ತಾನೆ. ತಂಬಾಕು ಹೇಗೆ ಹರಡಿದ, ಕಾಗದವನ್ನು ಬೆರಳು ಹೇಗೆ ಮಡಚಿತು, ನಾಲಗೆ ಹೇಗೆ ಅಂಟಿಸಿತು, ಎಲ್ಲ ವಿವರವಾಗಿ ಇದೆ. ದುಃಖ ಆಯಿತೋ ಇಲ್ಲವೋ ಅನ್ನೋದು ಮಾತ್ರ ಇಲ್ಲ. ಆ ಪಾರ್ಟ್‌ನರ್‌ನ ಹೆಂಡತಿಯ ಜೊತೆ ಸ್ಪೇಡ್‌ಗೆ ಸಂಬಂಧವಿತ್ತು ಅಂತ ಆಮೇಲೆ ಗೊತ್ತಾದಾಗ ಆ ಸಿಗರೇಟಿನ ಪುಟಕ್ಕೆ ವಾಪಸ್ ಹೋಗಿ ನೋಡುತ್ತೀರಿ. ಅಲ್ಲಿ ಏನೂ ಸಿಗುವುದಿಲ್ಲ. ಅದೇ ಹ್ಯಾಮೆಟ್ ಗತ್ತು.

ಅದೇ ಪುಸ್ತಕದ ನಡುವೆ ಫ್ಲಿಟ್‌ಕ್ರಾಫ್ಟ್ ಅನ್ನೋ ಒಬ್ಬ ಮನುಷ್ಯನ ಪುಟ್ಟ ಕಥೆ ಬರುತ್ತದೆ. ಮುಖ್ಯ ಕಥೆಗೂ ಅದಕ್ಕೂ ಸಂಬಂಧವಿಲ್ಲ. ಊಟಕ್ಕೆ ಹೊರಟವನ ಪಕ್ಕದಲ್ಲೇ ಕಟ್ಟಡದ ಮೇಲಿಂದ ಒಂದು ತೊಲೆ ಬೀಳುತ್ತದೆ. ಕೂದಲೆಳೆಯಲ್ಲಿ ಬಚಾವ್. ಬದುಕು ಇಷ್ಟೇನಾ ಅನ್ನಿಸಿ ಅವನು ಹೆಂಡತಿ ಮಕ್ಕಳು, ಮನೆ ಎಲ್ಲ ಬಿಟ್ಟು ಹೊರಟುಹೋಗುತ್ತಾನೆ. ಕೆಲವು ವರ್ಷ ಬಿಟ್ಟು ಸ್ಪೇಡ್ ಅವನನ್ನು ಹುಡುಕಿದಾಗ, ಬೇರೆ ಊರಲ್ಲಿ ಬೇರೆ ಹೆಸರಲ್ಲಿ ಮೊದಲಿನಂಥದ್ದೇ ಸಂಸಾರ ಹೂಡಿರುತ್ತಾನೆ. ತೊಲೆ ಬೀಳುತ್ತದೆ ಅಂತ ಬದುಕು ಬದಲಿಸಿಕೊಂಡ, ಮತ್ತೆ ತೊಲೆ ಬೀಳಲಿಲ್ಲ, ಅದಕ್ಕೂ ಒಗ್ಗಿಕೊಂಡ. ಈ ಎರಡು ಮೂರು ಪುಟ ಅವಸರದಲ್ಲಿ ಹಾರಿಸಬೇಡಿ.

ಈಗ ಚಾಂಡ್ಲರ್. ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಕುಡಿತದ ದೆಸೆಯಿಂದ 1932ರಲ್ಲಿ ಕೆಲಸ ಕಳೆದುಕೊಂಡರು. ಆಗ ವಯಸ್ಸು 44. ಮರುವರ್ಷ ಮೊದಲ ಕಥೆ 'ಬ್ಲ್ಯಾಕ್ ಮಾಸ್ಕ್'ನಲ್ಲೇ ಬಂತು. ಹ್ಯಾಮೆಟ್‌ರನ್ನು ಬಾಯಿತುಂಬಾ ಹೊಗಳಿದ ಅವರು, ಬರೆದದ್ದು ಮಾತ್ರ ತದ್ವಿರುದ್ಧ. ಸ್ಪೇಡ್ ಮನಸ್ಸು ನಮಗೆ ಕಾಣುವುದೇ ಇಲ್ಲ. ಚಾಂಡ್ಲರ್‌ನ ಫಿಲಿಪ್ ಮಾರ್ಲೋ ಬಾಯಿಮುಚ್ಚುವುದೇ ಇಲ್ಲ. ನೋಡಿದ್ದಕ್ಕೆಲ್ಲ ಒಂದು ಹೋಲಿಕೆ, ಒಂದು ಕುಹಕ. ಸ್ಪೇಡ್ ಒಳ್ಳೆಯವನೋ ಕೆಟ್ಟವನೋ ಗೊತ್ತಾಗದು, ಮಾರ್ಲೋ ಕೊಳಕು ಊರಿನಲ್ಲಿ ಕೈ ಕೊಳೆ ಮಾಡಿಕೊಳ್ಳದ ಮನುಷ್ಯ. ನೀವು ಮತ್ತೆ 'ದಿ ಬಿಗ್ ಸ್ಲೀಪ್' ತೆರೆದಾಗ ಕೊಲೆಗಳ ಲೆಕ್ಕ ಇಡಬೇಡಿ. ಶುರುವಿನ ಆ ಗಾಜಿನ ಮನೆ ನೋಡಿ. ಆರ್ಕಿಡ್‌ಗಳ ಉಸಿರುಕಟ್ಟುವ ಸೆಕೆ. ಗಾಲಿಕುರ್ಚಿಯಲ್ಲಿ ಮುದಿ ಜನರಲ್. ತನಗೆ ಕುಡಿಯಲು ಆಗದ್ದರಿಂದ ಮಾರ್ಲೋಗೆ ಬ್ರಾಂದಿ ಕೊಡಿಸಿ, ಅವನು ಕುಡಿಯುವುದನ್ನು ನೋಡುತ್ತಾ ಆಸೆ ತೀರಿಸಿಕೊಳ್ಳುತ್ತಾನೆ. ಆ ಮನೆತನದ ಗತಿ ಏನು ಅಂತ ಅಲ್ಲೇ ಗೊತ್ತಾಗುತ್ತದೆ, ಕೊಲೆಗಾರ ಯಾರಾದರೇನು?

ಆದರೂ ಚಾಂಡ್ಲರ್‌ರಲ್ಲಿ ನನ್ನ ಆಯ್ಕೆ 'ದಿ ಲಾಂಗ್ ಗುಡ್‌ಬೈ', 1953. ಹೆಂಡತಿ ಕಾಯಿಲೆ ಬಿದ್ದಿದ್ದ ದಿನಗಳಲ್ಲಿ ಬರೆದದ್ದು. ಮಾರ್ಲೋಗೆ ವಯಸ್ಸಾಗಿದೆ. ದಾರಿಯಲ್ಲಿ ಸಿಕ್ಕ ಒಬ್ಬ ಕುಡುಕನ ಜೊತೆ ಸ್ನೇಹವಾಗುತ್ತದೆ. ಆ ಸ್ನೇಹಕ್ಕೆ ಅವನು ಕೊಡುವ ಬೆಲೆಯೇ ಕಥೆ. ನಿಧಾನದ ಪುಸ್ತಕ, ಕೆಲವು ಕಡೆ ಎಳೆದಾಟವೂ ಇದೆ. ಜಪಾನಿನ ಹರುಕಿ ಮುರಾಕಮಿ ಇದನ್ನು ತಮ್ಮ ಭಾಷೆಗೆ ಅನುವಾದಿಸಿದ್ದಾರೆ. ಒಂಟಿ ಗಂಡಸು, ಹೇಳದೆ ಕೇಳದೆ ಮಾಯವಾಗುವ ಗೆಳೆಯ, ಯಾರೋ ದೊಡ್ಡವರು ಒಪ್ಪಿಸುವ ವಿಚಿತ್ರ ಹುಡುಕಾಟ. ಮುರಾಕಮಿಯವರ 'ಎ ವೈಲ್ಡ್ ಶೀಪ್ ಚೇಸ್' ಓದಿದವರಿಗೆ ಇದೆಲ್ಲ ಎಲ್ಲಿಯದು ಅಂತ ಆಗ ಹೊಳೆಯುತ್ತದೆ.

ಈ ಪ್ರಭಾವದ ವಿಷಯದಲ್ಲಿ ನನಗೊಂದು ಅಭಿಪ್ರಾಯ ಇದೆ. ಚಾಂಡ್ಲರ್‌ರನ್ನು ಮೆಚ್ಚಿ ಅನುಕರಿಸಿದವರು ಸಾವಿರ ಜನ. ಅವರಿಗೆ ಒಗ್ಗರಣೆ ಮಾತ್ರ ಸಿಕ್ಕಿತು, ಸಾರು ಸಿಗಲಿಲ್ಲ. ಉಳಿದವರು ಯಾರು ಅಂದರೆ ಹಿರಿಯರ ಜೊತೆ ಜಗಳಕ್ಕಿಳಿದವರು.

ರಾಸ್ ಮ್ಯಾಕ್‌ಡೊನಾಲ್ಡ್ ಅವರನ್ನೇ ತೆಗೆದುಕೊಳ್ಳಿ. ಅವರ ಪತ್ತೇದಾರನ ಹೆಸರು ಲೂ ಆರ್ಚರ್. ಹೌದು, 'ಮಾಲ್ಟೀಸ್ ಫಾಲ್ಕನ್' ಶುರುವಿನಲ್ಲೇ ಸಾಯುವ ಆ ಪಾರ್ಟ್‌ನರ್‌ನ ಹೆಸರು. 1949ರಲ್ಲಿ ಆರ್ಚರ್‌ನ ಮೊದಲ ಪುಸ್ತಕ ಬಂದಾಗ ಅದು ಚಾಂಡ್ಲರ್ ನಕಲಿನ ಹಾಗೇ ಇತ್ತು. ಚಾಂಡ್ಲರ್ ಅದನ್ನು ಓದಿ, ಕಾರಿಗೆ ತುಕ್ಕು ಹಿಡಿದದ್ದನ್ನು ಮೊಡವೆಗೆ ಹೋಲಿಸಿದ ಒಂದು ಸಾಲನ್ನು ಹಿಡಿದು ಪತ್ರವೊಂದರಲ್ಲಿ ಗೇಲಿ ಮಾಡಿದರು. ಮ್ಯಾಕ್‌ಡೊನಾಲ್ಡ್ ನಿಧಾನಕ್ಕೆ ಆ ನೆರಳಿನಿಂದ ಹೊರಬಂದರು. 1959ರ 'ದಿ ಗಾಲ್ಟನ್ ಕೇಸ್' ಹೊತ್ತಿಗೆ ದಾರಿ ಪೂರ್ತಿ ಬೇರೆಯಾಗಿತ್ತು. ಮಾರ್ಲೋ ಮಾತಾಡುತ್ತಾನೆ, ಆರ್ಚರ್ ಕೇಳಿಸಿಕೊಳ್ಳುತ್ತಾನೆ. ಇಂದಿನ ಕೊಲೆಯ ಬೇರು ಇಪ್ಪತ್ತು ವರ್ಷ ಹಿಂದೆ, ಅಪ್ಪ ಅಮ್ಮ ಮುಚ್ಚಿಟ್ಟ ಯಾವುದೋ ಸಂಗತಿಯಲ್ಲಿ ಸಿಗುತ್ತದೆ. ಮ್ಯಾಕ್‌ಡೊನಾಲ್ಡ್ ಚಿಕ್ಕವರಿದ್ದಾಗಲೇ ಅವರ ತಂದೆ ಮನೆ ಬಿಟ್ಟು ಹೋಗಿದ್ದರು ಅನ್ನೋದು ಇಲ್ಲಿ ನೆನಪಿಗೆ ಬರುತ್ತದೆ. ಹಳೆ ಆಸ್ತಿ ಜಗಳ, ಬಾಯಿಬಿಡದ ಅಜ್ಜಿಯಂದಿರನ್ನು ನೋಡಿ ಬೆಳೆದ ನಮಗೆ ಈ ಮನೆಗಳು ಪರಕೀಯ ಅನ್ನಿಸುವುದಿಲ್ಲ. ಅವರ ಪತ್ನಿ ಮಾರ್ಗರೆಟ್ ಮಿಲ್ಲರ್ ಕೂಡ ಅಪರಾಧ ಕಾದಂಬರಿ ಬರೆಯುತ್ತಿದ್ದರು. ಕೆಲವು ಪುಸ್ತಕಗಳಲ್ಲಿ ಗಂಡನನ್ನು ಮೀರಿಸುತ್ತಾರೆ ಅಂತ ನನ್ನ ಲೆಕ್ಕ.

ಮ್ಯಾಕ್‌ಡೊನಾಲ್ಡ್ ತಮ್ಮ ಊರು ಸಾಂಟಾ ಬಾರ್ಬರಾಕ್ಕೆ ಕಾದಂಬರಿಯಲ್ಲಿ ಸಾಂಟಾ ತೆರೆಸಾ ಅಂತ ಹೆಸರಿಟ್ಟಿದ್ದರು. ಸೂ ಗ್ರಾಫ್ಟನ್ 1982ರಲ್ಲಿ 'ಎ ಈಸ್ ಫಾರ್ ಅಲಿಬೈ' ಬರೆಯುವಾಗ ಆ ಊರನ್ನೇ ಗೌರವದಿಂದ ಎತ್ತಿಕೊಂಡರು. ಆದರೆ ಅಲ್ಲಿ ಓಡಾಡುವ ಪತ್ತೇದಾರ ಈಗ ಹೆಂಗಸು. ಅದೇ ವರ್ಷ ಸಾರಾ ಪರೆಟ್ಸ್ಕಿ ಶಿಕಾಗೋದ ವಿ. ಐ. ವಾರ್ಶಾವ್ಸ್ಕಿಯನ್ನು ತಂದರು. ಹಳೆ ಕಾದಂಬರಿಗಳಲ್ಲಿ ಹೆಂಗಸು ಅಂದರೆ ಒಂದೋ ಮೋಸಗಾತಿ, ಇಲ್ಲವೇ ಹೆಣ. ಇಬ್ಬರೂ ಅದಕ್ಕೆ ಉತ್ತರ ಕೊಟ್ಟರು. ಗ್ರಾಫ್ಟನ್ ಇಂಗ್ಲಿಷ್ ಅಕ್ಷರಕ್ಕೊಂದು ಪುಸ್ತಕದಂತೆ ಬರೆಯುತ್ತಾ ಹೋದರು, 2017ರಲ್ಲಿ ತೀರಿಕೊಂಡಾಗ ಅಕ್ಷರಮಾಲೆ 'ವೈ'ಗೆ ಬಂದು ನಿಂತಿತ್ತು.

ಆದರೆ ಈ ಉತ್ತರವನ್ನು ಅವರಿಗಿಂತ ಬಹಳ ಮುಂಚೆ ಒಬ್ಬರು ಕೊಟ್ಟಿದ್ದರು. ಡೊರೊಥಿ ಬಿ. ಹ್ಯೂಸ್. 'ಇನ್ ಎ ಲೋನ್ಲಿ ಪ್ಲೇಸ್', 1947. ನನ್ನನ್ನು ಒಂದೇ ಪುಸ್ತಕ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಯುದ್ಧ ಮುಗಿಸಿ ಬಂದ ವಿಮಾನ ಚಾಲಕ ಡಿಕ್ಸ್ ಸ್ಟೀಲ್ ಲಾಸ್ ಏಂಜಲೀಸ್‌ನಲ್ಲಿದ್ದಾನೆ. ಊರಲ್ಲಿ ಹೆಂಗಸರನ್ನು ಕತ್ತು ಹಿಸುಕಿ ಕೊಲ್ಲಲಾಗುತ್ತಿದೆ. ಅವನ ಹಳೆಯ ಗೆಳೆಯ ಪೊಲೀಸ್ ಪತ್ತೇದಾರ, ಆ ಕೇಸು ಅವನ ಕೈಯಲ್ಲೇ ಇದೆ. ಕಾದಂಬರಿ ಪೂರ್ತಿ ನಾವು ಡಿಕ್ಸ್ ತಲೆಯೊಳಗೇ ಇರುತ್ತೇವೆ. ಆದರೂ ಒಂದು ಕೊಲೆಯನ್ನೂ ಹ್ಯೂಸ್ ತೋರಿಸುವುದಿಲ್ಲ. ಮಂಜು, ಸಮುದ್ರದ ಸದ್ದು, ಬಸ್ಸಿನಿಂದ ಇಳಿಯುವ ಒಂಟಿ ಹುಡುಗಿ, ಅಲ್ಲಿಗೆ ಅಧ್ಯಾಯ ಕಡಿದುಬಿಡುತ್ತದೆ. ಡಿಕ್ಸ್ ತನ್ನನ್ನು ತಾನು ನೊಂದವನು ಅಂದುಕೊಂಡಿದ್ದಾನೆ. ನನಗೆ ಬರಬೇಕಾದ್ದು ಬರಲಿಲ್ಲ ಅನ್ನೋ ಕೊರಗು ಅವನಿಗೆ. ಅವನ ಆಪ್ತ ಗೆಳೆಯನಿಗೆ ಕಾಣದ್ದನ್ನು ಇಬ್ಬರು ಹೆಂಗಸರು ಸುಮ್ನೆ ನೋಡಿಯೇ ಗ್ರಹಿಸುತ್ತಾರೆ. ಥಾಂಪ್ಸನ್, ಹೈಸ್ಮಿತ್ ಇಬ್ಬರೂ ಕೊಲೆಗಾರನ ತಲೆಯೊಳಗೆ ಹೊಕ್ಕಿದ್ದು ಇದಾದ ಮೇಲೆ. ಇಂದಿನ ಲೇಖಕಿ ಮೇಗನ್ ಅಬಟ್ ಈ ಪುಸ್ತಕದ ದೊಡ್ಡ ಅಭಿಮಾನಿ, 2017ರ ಮರುಮುದ್ರಣಕ್ಕೆ ಹಿನ್ನುಡಿ ಬರೆದವರು ಅವರೇ. 1950ರ ಸಿನಿಮಾ ಚೆನ್ನಾಗಿದೆ, ಆದರೆ ಕಥೆಯ ಬೆನ್ನೆಲುಬನ್ನೇ ಬದಲಿಸಿದೆ. ಮೊದಲು ಪುಸ್ತಕ ಓದಿ.

ಇನ್ನೊಂದು ಜಗಳ ಬಣ್ಣದ್ದು. ಚಾಂಡ್ಲರ್‌ನ 'ಫೇರ್‌ವೆಲ್, ಮೈ ಲವ್ಲಿ' ಶುರುವಾಗುವುದು ಲಾಸ್ ಏಂಜಲೀಸ್‌ನ ಕಪ್ಪುಜನರ ಒಂದು ಬಾರಿನಲ್ಲಿ. ದೈತ್ಯ ಬಿಳಿಯನೊಬ್ಬ ಒಳಗೆ ನುಗ್ಗಿ ಅಲ್ಲಿನ ಮ್ಯಾನೇಜರನ್ನು ಕೊಂದು ಹೋಗುತ್ತಾನೆ. ಸತ್ತವನು ಕಪ್ಪು ಮನುಷ್ಯ ಅಂತ ಪೊಲೀಸರಿಗೆ ಆ ಕೇಸೇ ಬೇಡ. ಚಾಂಡ್ಲರ್ ಇದನ್ನು ಕಂಡು ಬರೆದಿದ್ದಾರೆ ನಿಜ. ಆದರೆ ಕಥೆಯೂ ಆ ಹೆಣವನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಐವತ್ತು ವರ್ಷ ಬಿಟ್ಟು, 1990ರಲ್ಲಿ, ವಾಲ್ಟರ್ ಮೋಸ್ಲಿ 'ಡೆವಿಲ್ ಇನ್ ಎ ಬ್ಲೂ ಡ್ರೆಸ್' ಬರೆದರು. ಅದೂ ಶುರುವಾಗುವುದು ಅದೇ ಊರಿನ ಕಪ್ಪುಜನರ ಬಾರಿನಲ್ಲಿ, ಒಳಗೆ ಬರುವವನು ಒಬ್ಬ ಬಿಳಿಯ. ಆದರೆ ಈ ಸಲ ಅವನನ್ನು ನೋಡುತ್ತಿರುವುದು ಬಾರಿನೊಳಗೆ ಕೂತಿರುವ ಈಸಿ ರಾಲಿನ್ಸ್. 1948ರ ಕಥೆ. ಈಸಿ ವಿಮಾನ ಕಾರ್ಖಾನೆಯ ಕೆಲಸ ಕಳೆದುಕೊಂಡಿದ್ದಾನೆ, ಮನೆ ಸಾಲದ ಕಂತು ಕಟ್ಟಬೇಕು. ಆ ಕಂತಿಗಾಗಿ ಅವನು ಪತ್ತೇದಾರನಾಗುತ್ತಾನೆ. ಸ್ವಂತ ಮನೆ ಮೇಲಿನ ಅವನ ಪ್ರೀತಿ ನೋಡಿದರೆ ನಮ್ಮೂರಿನವನೇ ಅನ್ನಿಸುತ್ತದೆ.

ಮೋಸ್ಲಿಗೂ ಮುಂಚೆ ಚೆಸ್ಟರ್ ಹೈಮ್ಸ್ ಇದ್ದರು. ದರೋಡೆ ಮಾಡಿ ಜೈಲಿಗೆ ಹೋದವರು, ಜೈಲಿನಲ್ಲೇ ಬರೆಯಲು ಕಲಿತವರು. ಅಮೆರಿಕ ಸಾಕಾಗಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಗಾಲಿಮಾರ್ ಪ್ರಕಾಶನದ 'ಸೆರಿ ನ್ವಾರ್' ಮಾಲೆಯನ್ನು 1945ರಿಂದ ನಡೆಸುತ್ತಿದ್ದ ಮಾರ್ಸೆಲ್ ಡ್ಯುಅಮೆಲ್ ಹೈಮ್ಸ್ ಅವರನ್ನು ಹಿಡಿದು, ನೀನೂ ಒಂದು ಪತ್ತೇದಾರಿ ಬರಿ ಅಂದರು. 1957ರಲ್ಲಿ ಬಂದದ್ದು 'ಎ ರೇಜ್ ಇನ್ ಹಾರ್ಲೆಮ್'. ಜ್ಯಾಕ್ಸನ್ ಅನ್ನೋ ಪಾಪದ ಮನುಷ್ಯ, ಹತ್ತು ಡಾಲರಿನ ನೋಟುಗಳನ್ನು ಒಲೆಯಲ್ಲಿಟ್ಟು ನೂರರ ನೋಟು ಮಾಡಿಕೊಡುತ್ತೇವೆ ಅಂದವರನ್ನು ನಂಬುತ್ತಾನೆ. ನೋಟು ಡಬಲ್ ಮಾಡಿಕೊಡುವ ದಂಧೆ ನಮ್ಮ ಪೇಪರಿನಲ್ಲೂ ಆಗಾಗ ಬರುತ್ತದಲ್ಲ, ಅದೇ. ಅವನ ಅವಳಿ ಸೋದರ ಕ್ರೈಸ್ತ ಸನ್ಯಾಸಿನಿಯ ವೇಷ ಹಾಕಿ ಬೀದಿಯಲ್ಲಿ ಸ್ವರ್ಗದ ಟಿಕೆಟ್ ಮಾರುತ್ತಾನೆ. ನಗು ಉಕ್ಕಿಬರುವ ಹೊತ್ತಿಗೇ ಎದೆ ಝಲ್ ಅನ್ನಿಸುವ ಬರವಣಿಗೆ. ಫ್ರಾನ್ಸ್‌ನಲ್ಲಿ ಪ್ರಶಸ್ತಿ ಬಂತು, ಸ್ವದೇಶದಲ್ಲಿ ಮನ್ನಣೆ ಸಿಗಲು ಕಾಲ ಹಿಡಿಯಿತು.

ಜೇಮ್ಸ್ ಎಲ್‌ರಾಯ್ ಬಗ್ಗೆ ಹೇಳದೆ ಮುಗಿಸುವಂತಿಲ್ಲ. 1958ರಲ್ಲಿ, ಅವರು ಹತ್ತು ವರ್ಷದವರಿದ್ದಾಗ, ತಾಯಿಯ ಕೊಲೆಯಾಯಿತು. ಕೊಲೆಗಾರ ಸಿಗಲೇ ಇಲ್ಲ. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಎಲಿಜಬೆತ್ ಶಾರ್ಟ್ ಎಂಬ ಯುವತಿಯ ಕೊಲೆ ಕೂಡ ಬಗೆಹರಿಯದ್ದು. ಅದನ್ನೇ ಎತ್ತಿಕೊಂಡು 1987ರಲ್ಲಿ 'ದಿ ಬ್ಲ್ಯಾಕ್ ಡಾಲಿಯಾ' ಬರೆದರು. ಚಾಂಡ್ಲರ್ ತಾನು ಆಗಬೇಕೆಂದಿದ್ದ ಮನುಷ್ಯನ ಬಗ್ಗೆ ಬರೆದರು, ಹ್ಯಾಮೆಟ್ ತಾನು ಆಗಿದ್ದೇನೋ ಅಂತ ಹೆದರಿದ್ದ ಮನುಷ್ಯನ ಬಗ್ಗೆ ಬರೆದರು ಅನ್ನೋ ಅರ್ಥದ ಮಾತು ಎಲ್‌ರಾಯ್ ಅವರದೇ. ಅವರ ಪಕ್ಷ ಹ್ಯಾಮೆಟ್ ಕಡೆ. ಅವರಲ್ಲಿ ಪೊಲೀಸರೂ ಕಳ್ಳರೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ಹೊಸಬರಲ್ಲಿ ವರ್ಜೀನಿಯಾದ ಹಳ್ಳಿ ಕಡೆಯ ಕಥೆ ಬರೆಯುವ ಎಸ್. ಎ. ಕಾಸ್ಬಿ ಅವರ 'ಬ್ಲ್ಯಾಕ್‌ಟಾಪ್ ವೇಸ್ಟ್‌ಲ್ಯಾಂಡ್' ನೋಡಿ. ಕೇನ್ ಕಾಲದ ಹಳೆಯ ಉರುಳೇ ಅದು: ಸಾಲ, ಸಂಸಾರ, ಇದೊಂದು ಸಲ ಕೊನೆಯ ಕೆಲಸ ಅನ್ನೋ ಮಾತು.

ಕಾರ್ನೆಲ್ ವುಲ್‌ರಿಚ್, ಡೇವಿಡ್ ಗುಡಿಸ್ ಇಬ್ಬರನ್ನೂ ಆಮೇಲೆ ಓದಬಹುದು. ಸಿನಿಮಾದವರು ಅವರಿಂದ ತೆಗೆದುಕೊಂಡಷ್ಟು ಲೇಖಕರು ತೆಗೆದುಕೊಂಡಿಲ್ಲ. ಹಿಚ್‌ಕಾಕ್‌ರ 'ರಿಯರ್ ವಿಂಡೋ' ವುಲ್‌ರಿಚ್ ಕಥೆಯೇ.

ನೀವು ಕೇಳದಿದ್ದರೂ ಕನ್ನಡದ ಮಾತು ಒಂದಿಷ್ಟು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ನೀವು ಓದಿಯೇ ಇರುತ್ತೀರಿ. 'ರೆಡ್ ಹಾರ್ವೆಸ್ಟ್' ಮುಗಿಸಿದ ಮೇಲೆ ಅದನ್ನು ಇನ್ನೊಮ್ಮೆ ಓದಿ. ಪ್ರಭಾವ ಅಂತ ನಾನು ಹೇಳುತ್ತಿಲ್ಲ. ಒಂದು ಸಾವಿನ ತನಿಖೆಗೆ ಅಂತ ಹೊರಗಿನಿಂದ ಅಂಗಡಿ ಎಂಬುವರು ಬರುತ್ತಾರೆ. ಕೆಸರೂರಿನ ಒಳಗೆ ಇಳಿದಷ್ಟೂ ಕೊಲೆಗಿಂತ ಊರಿನ ಕೊಳೆತವೇ ದೊಡ್ಡದಾಗಿ ಕಾಣುತ್ತದೆ. ಏಲಕ್ಕಿ ಇರುವ ಕಡೆ ತಾಮ್ರ ಇಟ್ಟು ನೋಡಿ. ಮ್ಯಾಕ್‌ಡೊನಾಲ್ಡ್ ಅವರ 'ದಿ ಅಂಡರ್‌ಗ್ರೌಂಡ್ ಮ್ಯಾನ್'ನಲ್ಲಿ ಕಾಡ್ಗಿಚ್ಚು ಇದೆ, ಇಲ್ಲೂ ಇದೆ. ಮಲೆನಾಡಿನವರಾದ ನಿಮಗೆ ಈ ಹೋಲಿಕೆ ನನಗಿಂತ ಚೆನ್ನಾಗಿ ಕಂಡೀತು.

ಕ್ರಮ ಹೀಗಿಟ್ಟುಕೊಳ್ಳಿ. ಮೊದಲು 'ಪೋಸ್ಟ್‌ಮ್ಯಾನ್', ಬೆನ್ನಿಗೇ 'ಡಬಲ್ ಇಂಡೆಮ್ನಿಟಿ'. ಆಮೇಲೆ 'ಮಾಲ್ಟೀಸ್ ಫಾಲ್ಕನ್'. ನಂತರ 'ಫೇರ್‌ವೆಲ್, ಮೈ ಲವ್ಲಿ' ಓದಿ, ಅದರ ಮಗ್ಗುಲಲ್ಲೇ 'ಡೆವಿಲ್ ಇನ್ ಎ ಬ್ಲೂ ಡ್ರೆಸ್'. 'ಇನ್ ಎ ಲೋನ್ಲಿ ಪ್ಲೇಸ್' ಅದಾದ ಮೇಲೆ. ಉಳಿದದ್ದು ನಿಮ್ಮ ರುಚಿ. 'ದಿ ಬಿಗ್ ಸ್ಲೀಪ್'ಗೆ ಕೊನೆಯಲ್ಲಿ ವಾಪಸ್ ಬನ್ನಿ.

ನಮ್ಮ ದೇಶದ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ 60 ವರ್ಷದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. ಚಾಂಡ್ಲರ್ ಹೋದದ್ದು 1959ರಲ್ಲಿ, ಹ್ಯಾಮೆಟ್ 1961ರಲ್ಲಿ. ಅಂದರೆ ಇಬ್ಬರೂ ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳನ್ನು ಇಲ್ಲಿ ಯಾರ ಅನುಮತಿಯೂ ಇಲ್ಲದೆ ಕನ್ನಡಕ್ಕೆ ತರಬಹುದು. ನಿವೃತ್ತಿಯಲ್ಲಿ ಕೈಗೆ ಕೆಲಸ ಬೇಕು ಅನ್ನಿಸಿದರೆ ಸ್ಯಾಮ್ ಸ್ಪೇಡ್ ಕನ್ನಡ ಮಾತಾಡಲಿ, ನಾನು ಮೊದಲ ಓದುಗನಾಗುತ್ತೇನೆ. ಇನ್ನೊಂದು ವಿಷಯ, ಇವುಗಳ ಹೊಸ ಮುದ್ರಣ ಕೊಂಡರೆ ಮುನ್ನುಡಿಯನ್ನು ಕಡೆಗೆ ಓದಿ. ಕ್ಲಾಸಿಕ್ ಅಂತ ಹಣೆಪಟ್ಟಿ ಬಿದ್ದ ಮೇಲೆ ಎಲ್ಲರೂ ಓದಿರುತ್ತಾರೆ ಅಂದುಕೊಂಡು, ಕೊಲೆಗಾರ ಯಾರು ಅಂತ ಮುನ್ನುಡಿಯವರೇ ಹೇಳಿಬಿಡುತ್ತಾರೆ.